ಮೂಟೆಗೆ ದಾರಿ, ಮನುಷ್ಯನಿಗೆ ಗೇಟು

ಪುಣೆಯ ಚಿಂಚ್‌ವಡದಿಂದ ನಮ್ಮ ಹಳೇ ಚಂದಾದಾರರೊಬ್ರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬ್ಯಾಂಕಿನಿಂದ ರಿಟೈರ್ ಆದವರು, ಮೂಲ ಉಡುಪಿ ಕಡೆಯವರು, ಹೆಸರು ಹಾಕಬೇಡಿ ಅಂತ ಕೊನೇಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದಾರೆ. ಅವರು ಹೇಳೋದು ಇಷ್ಟು: ಇನ್ನೊಂದು ಸಲ ಕೊರೊನಾದಂಥ ರೋಗ ಬಂದ್ರೆ ಮೊದಲ ದಿನವೇ ರಾಜ್ಯದ ಗಡಿ ಮುಚ್ಚಬೇಕು, ಬಸ್ಸು ಕಾರು ಯಾವುದೂ ದಾಟಬಾರದು. 2020ರಲ್ಲಿ ಉಡುಪಿ ಜಿಲ್ಲೆಯಲ್ಲಿ ಮೂರೇ ಕೇಸ್ ಇತ್ತು, ಗ್ರೀನ್ ಝೋನ್ ಆಗಿತ್ತು, ಮೇ ತಿಂಗಳಲ್ಲಿ ಮುಂಬೈಯವರನ್ನ ಒಳಗೆ ಬಿಟ್ಟಿದ್ದೇ ತಡ ಕೇಸ್ ಏರಿ ಹೋಯ್ತು, "ನಮ್ಮವರೇ ನಮ್ಮ ಊರಿಗೆ ಬೆಂಕಿ ಇಟ್ರು" ಅಂತಾರೆ. ಕೊನೆಗೆ ನನಗೇ ಒಂದು ಪ್ರಶ್ನೆ: ಮುಂದಿನ ಸಲ ಗಡಿ ಮುಚ್ಚಿ ಅಂತ ನಿಮ್ಮ ಪತ್ರಿಕೆಯಲ್ಲಿ ಬರೀತೀರೋ ಇಲ್ವೋ?

ಸರ್, ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. 1918ರ ಇನ್‌ಫ್ಲುಯೆಂಝಾ ಟೈಮಲ್ಲಿ ಅಮೆರಿಕನ್ ಸಮೋವಾ ದ್ವೀಪದವರು ಹೊರಗಿನ ಹಡಗುಗಳನ್ನ ಕಟ್ಟುನಿಟ್ಟಾಗಿ ತಡೆದ್ರು, ಅಲ್ಲಿ ಒಬ್ರೂ ಸಾಯಲಿಲ್ಲ, ಪಕ್ಕದ ಪಶ್ಚಿಮ ಸಮೋವಾದಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಬ್ರು ಹೋದ್ರು. ಆದ್ರೆ ಅದು ಸುತ್ತ ಸಮುದ್ರ ಇರೋ ದ್ವೀಪ. ನಮ್ಮ ಗಡಿ ಅಂದ್ರೆ ಏನು, ಒಂದು ಸೇತುವೆ, ಅದರ ಕೆಳಗೆ ಬೇಸಿಗೇಲಿ ಬತ್ತೋ ಹೊಳೆ, ಆಚೆ ಈಚೆ ಕಬ್ಬಿನ ಗದ್ದೆ.

ಮೊದಲು ಉಡುಪಿ ವಿಷಯ. ಮೇ, ಜೂನ್‌ನಲ್ಲಿ ಅಲ್ಲಿ ಸಿಕ್ಕ ಕೇಸ್‌ಗಳಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಹೋದವರೇ, ಒಪ್ಪಿದೆ. ಆದ್ರೆ ಅವರು ಸಿಕ್ಕಿದ್ದೆಲ್ಲಿ ಅಂತ ನೀವು ಬರೆದಿಲ್ಲ. ಶಾಲೆಯಲ್ಲಿ, ಹಾಸ್ಟೆಲಲ್ಲಿ ಕ್ವಾರಂಟೈನ್ ಅಂತ ಕೂರಿಸಿದ್ರಲ್ಲ, ಹೆಚ್ಚಿನವರು ಅಲ್ಲೇ ಸಿಕ್ಕಿದ್ದು, ಊರೊಳಗೆ ಕಾಲಿಡೋ ಮುಂಚೆ. ಅಂಕಿ ಏರಿದ್ದು ನೋಡಿ ನೀವು ಊರಿಗೆ ಬೆಂಕಿ ಬಿತ್ತು ಅಂತೀರಿ, ನನಗೆ ಅದು ಹಿಡಿಯೋ ಕಡೆ ಸರಿಯಾಗಿ ಹಿಡಿದ್ರು ಅಂತ ಕಾಣುತ್ತೆ. ಆ ಶಾಲೆಗಳಲ್ಲಿ ಗಂಜಿ ಬೇಯಿಸಿ ಹಾಕಿದ ಪಂಚಾಯ್ತಿಯವರು, ಆಶಾ ಕಾರ್ಯಕರ್ತೆಯರು, ಅವರ ಬಗ್ಗೆ ನಿಮ್ಮ ನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ.

ಇನ್ನೊಂದು ಲೆಕ್ಕ ನೋಡಿ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶ ಮುಚ್ಚಿದ್ರು. ಆವತ್ತು ಇಡೀ ದೇಶದಲ್ಲಿ ಕೇಸ್ ಇದ್ದಿದ್ದು 500ರ ಆಸುಪಾಸು. ಅದಕ್ಕೆ ಒಂದು ವಾರ ಮುಂಚೆ ನಮ್ಮ ಹೋಟೆಲ್ ಹುಡುಗರು, ಕಲಬುರಗಿ ಯಾದಗಿರಿ ಕಡೆಯ ಕಟ್ಟಡ ಕೆಲಸದವರು ಮುಂಬೈ ಬಿಟ್ಟು ಊರು ಸೇರಿದ್ದಿದ್ರೆ ಸಾವಿರಕ್ಕೆ ಒಬ್ಬನ ಹತ್ರವೂ ರೋಗ ಇರ್ತಿರಲಿಲ್ಲ. ಅವರನ್ನ ತಡೆದು ಹತ್ತು ಬೈ ಹತ್ತರ ಖೋಲಿಯಲ್ಲಿ ಎಂಟೆಂಟು ಜನ ಒಂದೂವರೆ ತಿಂಗಳು ಕೂಡಿಟ್ಟಿದ್ದು, ಬೆಳಿಗ್ಗೆ ಎದ್ರೆ ಐವತ್ತು ಮನೆಗೆ ಒಂದು ಸಂಡಾಸಿನ ಮುಂದೆ ಲೈನು. ಆ ಜುಲೈಯಲ್ಲಿ ಮುಂಬೈಯ ಮೂರು ವಾರ್ಡಿನಲ್ಲಿ ರಕ್ತಪರೀಕ್ಷೆ ಮಾಡಿದಾಗ ಝೋಪಡಪಟ್ಟಿಯವರಲ್ಲಿ 57 ಪರ್ಸೆಂಟ್ ಜನಕ್ಕೆ ಸೋಂಕು ಆಗಿ ಹೋಗಿತ್ತು, ಬಿಲ್ಡಿಂಗಿನವರಲ್ಲಿ 16. ರೋಗ ಇಲ್ಲದಾಗ ತಡೆದು, ರೋಗ ಹತ್ತಿದ ಮೇಲೆ ಮೇ 1ರಿಂದ ಶ್ರಮಿಕ್ ರೈಲು ಬಿಟ್ರು. ಅಷ್ಟೊತ್ತಿಗೆ ಎಷ್ಟೋ ಜನ ನಡೆದೇ ಹೊರಟಿದ್ರು. ಮೇ 8ರ ಬೆಳಗಿನ ಜಾವ ಔರಂಗಾಬಾದ್ ಹತ್ರ ಹಳಿ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ಗಾಡಿ ಹರೀತು. ಹಳಿ ಮೇಲೆ ಚೆಲ್ಲಿದ್ದ ರೊಟ್ಟಿಗಳ ಫೋಟೋ ನೀವೂ ನೋಡಿರ್ತೀರಿ.

ಈಗ ನನ್ನದೇ ಒಂದು ಹೇಳ್ತೀನಿ. ಅದೇ ಮೇ ತಿಂಗಳಲ್ಲಿ ನಮ್ಮ ದೊಡ್ಡವ್ವನ ಮಣ್ಣಿಗೆ ಅಂತ ಕರ್ನಾಟಕದ ಕಡೆ ಕಾರಲ್ಲಿ ಹೊರಟೆ, ಪಾಸ್ ತೆಗೆಸಿದ್ದೆ, ಡಾಕ್ಟರ್ ಸರ್ಟಿಫಿಕೇಟ್ ಇತ್ತು. ಭೀಮಾ ಹೊಳೆ ದಡದ ಒಂದು ಚೆಕ್‌ಪೋಸ್ಟಲ್ಲಿ, ಯಾವುದು ಅಂತ ಬರೆಯಲ್ಲ, ರಾತ್ರಿ ಹತ್ತಕ್ಕೆ ನಿಲ್ಲಿಸಿದ್ರು. ಡ್ಯೂಟಿಯಲ್ಲಿದ್ದ ಹುಡುಗ ಒಳ್ಳೆಯವನೇ, "ಪಾಸ್ ಇದ್ರೂ ಬಿಡಂಗಿಲ್ರೀ ಸರ, ಮ್ಯಾಲಿಂದ ಆರ್ಡರ್ ಐತಿ" ಅಂದ. ಬೆಳತನಕ ಅಲ್ಲೇ ಕೂತಿದ್ದೆ. ಲಾರಿಗಳು ಮಾತ್ರ ಒಂದರ ಹಿಂದೊಂದು ಹೋಗ್ತಿದ್ವು, ಉಳ್ಳಾಗಡ್ಡಿ, ಸಿಮೆಂಟು, ಕೋಳಿ ಫೀಡು, ಡ್ರೈವರ್ ಕ್ಲೀನರ್ ಇಬ್ರೂ ಮುಂಬೈ ಮಾರ್ಕೆಟ್ಟಿಂದಲೇ ಬಂದವರು, ಅವರನ್ನ ಕೇಳೋರಿಲ್ಲ. ಕೇಳಬೇಕಿತ್ತು ಅಂತಲ್ಲ, ಅವರಿಲ್ಲದಿದ್ರೆ ನಾವು ಉಪವಾಸ.

ಬೆಳಕು ಹರಿಯೋ ಹೊತ್ತಿಗೆ ರಸ್ತೆ ಬದಿ ಮಲಗಿದ್ದ ಒಂದು ಕುಟುಂಬ ಎದ್ದಿತು. ಗಂಡ, ಹೆಂಡತಿ, ಒಬ್ಬ ಮುದುಕಿ, ನಾಲ್ಕೈದು ವರ್ಷದ ಹುಡುಗಿ. ಯಾರನ್ನೂ ಕೇಳಲಿಲ್ಲ, ಸೇತುವೆ ಪಕ್ಕ ಇಳಿದು ಹೊಳೆಗೆ ಹೋದ್ರು. ಮೊಣಕಾಲು ನೀರು. ಆ ಹುಡುಗಿ ತನ್ನ ಚಪ್ಪಲಿ ಎರಡೂ ಕೈಗೆ ಹಾಕ್ಕೊಂಡು ಅಪ್ಪನ ಹೆಗಲ ಮೇಲೆ ಕೂತಿತ್ತು, ಮುದುಕಿ ಸೀರೆ ಎತ್ತಿ ಕಚ್ಚೆ ಕಟ್ಟಿ ಗಂಟು ತಲೆ ಮೇಲಿಟ್ಟು ಹಿಂದೆ. ಹತ್ತು ನಿಮಿಷದಲ್ಲಿ ಕರ್ನಾಟಕ. ಅವರ ಜ್ವರ ನೋಡಿದವರಿಲ್ಲ, ಹೆಸರು ಬರ್ಕೊಂಡವರಿಲ್ಲ, ಎಲ್ಲಿಗೆ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ. ಪಾಸು, ಆಧಾರ್, ಫೋನ್ ನಂಬರ್ ಎಲ್ಲಾ ಬರೆದುಕೊಟ್ಟು ಹದಿನಾಲ್ಕು ದಿನ ಎಲ್ಲಿ ಬೇಕಾದ್ರೂ ಕೂರ್ತೀನಿ ಅಂದ ನಾನು ವಾಪಸ್ ಬಂದೆ. ದೊಡ್ಡವ್ವನ ಮುಖ ಮೊಬೈಲಲ್ಲಿ ನೋಡಿದೆ. ಗಡಿ ಮುಚ್ಚೋದು ಅಂದ್ರೆ ಇದೇ ಸರ್, ಹೇಳಿ ಬರೋನು ನಿಲ್ತಾನೆ, ಹೇಳದೆ ಬರೋನು ಹೊಳೆ ದಾಟ್ತಾನೆ.

ಮೂಟೆಗೆ ದಾರಿ ಬಿಡೋ ಈ ಕಥೆ ನಮ್ಮ ಮುಂಬೈಗೆ ಹೊಸದೂ ಅಲ್ಲ. 1896ರ ಸೆಪ್ಟೆಂಬರಲ್ಲಿ ಮಾಂಡವಿಯಲ್ಲಿ ಪ್ಲೇಗ್ ಕಾಣಿಸ್ಕೊಂಡಿತು, ಅದನ್ನ ಗುರುತು ಹಿಡಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಸ್. ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು, 2020ರಲ್ಲೂ ಅದೇ ಕಾಯ್ದೆ ತೆಗೆದ್ರಲ್ಲ ಅದು. ರೈಲ್ವೆ ಸ್ಟೇಷನ್ನಿನಲ್ಲಿ ಗಂಡಸರು ಹೆಂಗಸರು ಅನ್ನದೆ ಇಳಿಸಿ ಪ್ಲೇಗಿನ ಗಡ್ಡೆ ಇದೆಯಾ ಅಂತ ಕಂಕುಳು, ತೊಡೆ ಸಂದು ಮುಟ್ಟಿ ನೋಡ್ತಿದ್ರು, ಜನ ಅವಮಾನದಿಂದ ಕುದಿದುಹೋದ್ರು. ಪ್ಲೇಗ್ ಹೋಗ್ತಿದ್ದಿದ್ದು ಹೆಚ್ಚಾಗಿ ಇಲಿ ಮೈಮೇಲಿನ ಚಿಗಟದಲ್ಲಿ, ಇಲಿ ಇದ್ದಿದ್ದು ಧಾನ್ಯದ ಮೂಟೆ ಸಂದಿಯಲ್ಲಿ. ಅದನ್ನ ಪಾಲ್ ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ಡಾಕ್ಟರ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ರೂ ಎಷ್ಟೋ ವರ್ಷ ಯಾರೂ ನಂಬಲಿಲ್ಲ. ಇಷ್ಟೆಲ್ಲಾ ತಪಾಸಣೆ ಇದ್ದೂ ಅದೇ 1898ರ ಆಗಸ್ಟಲ್ಲಿ ಪ್ಲೇಗ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬೆಂಗಳೂರು ಸೇರಿತು.

ದೂರದ್ದೂ ಒಂದು ಹೇಳಲೇಬೇಕು, ಯಾಕಂದ್ರೆ ಇದು ಪೂರ್ತಿ ರಸ್ತೆ ಪ್ರಯಾಣದ್ದೇ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ. ಸೆನೆಗಲ್ ದೇಶ ಆಗಸ್ಟ್ 21ಕ್ಕೆ ಗಿನಿ ಜೊತೆಗಿನ ಗಡಿ ಮುಚ್ಚಿತು, ಆದ್ರೆ ಸೋಂಕು ಹತ್ತಿದ ಒಬ್ಬ ವಿದ್ಯಾರ್ಥಿ ಹಿಂದಿನ ದಿನವೇ ಗಿನಿಯಿಂದ ರಸ್ತೆ ದಾರಿಯಲ್ಲಿ ಬಂದು ಡಾಕಾರ್ ಸೇರಿಯಾಗಿತ್ತು. ದೇಶ ಉಳಿದಿದ್ದು ಗೇಟಿನಿಂದಲ್ಲ, ಅವನ ಸಂಪರ್ಕಕ್ಕೆ ಬಂದ 74 ಜನರನ್ನ ಹುಡುಕಿ ದಿನಾ ಹೋಗಿ ನೋಡಿದ್ದರಿಂದ, ಒಬ್ರಿಗೂ ರೋಗ ಬರಲಿಲ್ಲ. ಪಕ್ಕದ ಮಾಲಿಗೆ ಅದೇ ಅಕ್ಟೋಬರಲ್ಲಿ ಎರಡು ವರ್ಷದ ಮಗುವೊಂದು ಗಿನಿಯಿಂದ ಅಜ್ಜಿ ಜೊತೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಬಸ್ಸಲ್ಲಿ ಬಂತು, ಪಾಪ ಉಳೀಲಿಲ್ಲ. ಆದ್ರೂ ಅಲ್ಲಿನ ಅಧ್ಯಕ್ಷರು ಗಿನಿ ಗಡಿ ಮುಚ್ಚಲ್ಲ ಅಂದ್ರು. ಮುಂದೆ ಇನ್ನೊಬ್ಬ ರೋಗಿಯೂ ಗಿನಿಯಿಂದ ಬಂದ್ರು, ಒಟ್ಟು ಎಂಟೇ ಕೇಸಿಗೆ ನಿಂತಿತು, 2015ರ ಜನವರಿಗೆ ದೇಶ ಎಬೋಲಾಮುಕ್ತ. ಗಡಿ ತೆರೆದಿಟ್ಟು ಅಷ್ಟು ಬಡ ದೇಶ ಮಾಡಿ ತೋರಿಸ್ತು ಸರ್.

ಕ್ವಾರಂಟೈನ್ ಅನ್ನೋ ಪದ ಹುಟ್ಟೋಕೂ ಮುಂಚೆ ಆ ಪದ್ಧತಿಯನ್ನ ಕಾನೂನು ಮಾಡಿದ್ದು ರಗೂಸಾ ಅನ್ನೋ ಊರು, ಈಗಿನ ಡುಬ್ರೊವ್ನಿಕ್, 1377ರಲ್ಲಿ. ಪ್ಲೇಗ್ ಇರೋ ಕಡೆಯಿಂದ ಬಂದವರು ಊರ ಹೊರಗೆ ಒಂದು ತಿಂಗಳು ಇದ್ದು ಆಮೇಲೆ ಒಳಗೆ ಬನ್ನಿ ಅಂದ್ರು. ಅದು ವ್ಯಾಪಾರದ ಊರು, ಬಾಗಿಲು ಹಾಕಿದ್ರೆ ಅನ್ನ ಇಲ್ಲ ಅಂತ ಗೊತ್ತಿತ್ತು. ನಮ್ಮ ಕಡೆಯೂ ಹೀಗೇ ಇತ್ತಲ್ಲ, ಪ್ಲೇಗಿನ ಕಾಲಕ್ಕೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರೋರು. ಹೊರಗಿಂದ ಬಂದೋನನ್ನ ಜಗಲಿ ಮೇಲೆ ಕೂರಿಸಿ ನೀರು ಕೊಡೋದು ಬೇರೆ, ಅಗಳಿ ಹಾಕೋದು ಬೇರೆ. ನೀವು ಪತ್ರದುದ್ದಕ್ಕೂ ಎರಡನ್ನೂ ಒಂದೇ ಮಾಡಿ ಮಾತಾಡಿದ್ದೀರಿ.

ಒಂದು ಮಾತು ನೋವಿನಿಂದಲೇ ಹೇಳ್ತೀನಿ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕೋಣೆಗೆ, ಯಕ್ಷಗಾನಕ್ಕೆ, ಜಾತ್ರೆಗೆ ರಸೀದಿ ಪುಸ್ತಕ ಹಿಡಿದು ಬರುವಾಗ ನಾವು ಹೊರನಾಡ ಕನ್ನಡಿಗರು, ಶಾಲು ಹೊದಿಸ್ತಾರೆ. 2020ರಲ್ಲಿ ಅದೇ ನಾವು ಬುಲೆಟಿನ್ನಿನಲ್ಲಿ "ಮಹಾರಾಷ್ಟ್ರದಿಂದ ಬಂದವರು" ಆದ್ವಿ. ಇವತ್ತಿಗೂ ಭಾಷೆ ಹೆಸರಲ್ಲಿ ಬೆಳಗಾವಿ ಕಡೆ ಒಂದು ಕಲ್ಲು ಬಿದ್ರೆ ಎರಡೂ ಕಡೆಯ ಬಸ್ಸು ನಿಲ್ಲುತ್ತೆ, 2022ರ ಡಿಸೆಂಬರಲ್ಲೂ ನಿಂತಿತು, ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನಡುದಾರಿಯಲ್ಲಿ. ಗೇಟ್ ಹಾಕೋದು ಒಂದು ಚಟ ಆಗಿಬಿಟ್ಟಿದೆ. ರಾಜ್ಯ ರಾಜ್ಯಗಳ ನಡುವಿನ ಕ್ವಾರಂಟೈನ್ ಅನ್ನೋದು ಸಂವಿಧಾನದಲ್ಲಿ ಕೇಂದ್ರ ಪಟ್ಟಿಯ 81ನೇ ನಮೂದು, ಅಂದ್ರೆ ಬೇಕಾದ ಹಾಗೆ ಮಣ್ಣು ಸುರಿದು ರಸ್ತೆ ಮುಚ್ಚೋದಕ್ಕೆ ಅದು ಯಾವ ಜಿಲ್ಲೆಯ ಸ್ವತ್ತೂ ಅಲ್ಲ. 2020ರ ಮಾರ್ಚಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರು ಆಸ್ಪತ್ರೆಗೆ ಹೋಗಲಾರದೆ ಒದ್ದಾಡಿದ್ದು, ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ನಿಮ್ಮೂರ ಪಕ್ಕದಲ್ಲೇ ಅಲ್ವಾ.

ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಬರೆಯಲ್ಲ. ಸೇತುವೆಯ ಎರಡೂ ತುದಿಯಲ್ಲಿ ತಗಡಿನ ಶೆಡ್ಡು, ಸಂಡಾಸು, ಕುಡಿಯೋ ನೀರು, ಇಪ್ಪತ್ನಾಲ್ಕು ಗಂಟೆ ಒಬ್ಬ ನರ್ಸು, ಹೆಸರು ಬರ್ಕೊಳ್ಳೋಕೆ ಕನ್ನಡ ಮರಾಠಿ ಎರಡೂ ಬರೋ ಒಬ್ಬ ಗುಮಾಸ್ತ, ಊರ ಶಾಲೆವರೆಗೆ ಒಂದು ಬಸ್ಸು ಇರಲಿ ಅಂತ ಬರೀತೀನಿ, ರೋಗ ಬರೋ ಮುಂಚೆಯೇ ಬರೀತೀನಿ. ನಿಮ್ಮ ಪತ್ರವನ್ನ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕ್ತಿದ್ದೀನಿ, ಉಡುಪಿ ಭಾಗದ ಒಂದು ಸಾಲೂ ಕತ್ತರಿಸಿಲ್ಲ.