ಟಿ.ವಿ. ಹೊಸದು, ಕನ್ನಡಕ ಹಳೆಯದು

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ತನ್ನ ಹಳೆಯ ಸೆಗಾ ಮಾಸ್ಟರ್ ಸಿಸ್ಟಮ್ ಎಂಬ ವಿಡಿಯೊ ಗೇಮ್ ಯಂತ್ರವನ್ನು ಸೆಗಾಸ್ಕೋಪ್ ತ್ರೀಡಿ ಕನ್ನಡಕದ ಸಮೇತ ನನಗೆ ಕೊಟ್ಟು ಹೋಗಿದ್ದಾನೆ. ಎಲ್‌ಇಡಿ ಟಿ.ವಿ.ಗೆ ಜೋಡಿಸಿ ‘ಸ್ಪೇಸ್ ಹ್ಯಾರಿಯರ್ ತ್ರೀಡಿ’ ಆಡಿದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ, ತ್ರೀಡಿ ಮಾತ್ರ ಇಲ್ಲ. ಕನ್ನಡಕ ಕೆಟ್ಟಿದೆಯೇ? (ಮೈಸೂರಿನಿಂದ)

ಉತ್ತರ: ಮೊದಲು ಟಿ.ವಿ.ಯನ್ನು ಅನುಮಾನಿಸಿ. 1987ರ ಈ ಕನ್ನಡಕದ ಎರಡೂ ಗಾಜುಗಳು ಎಲ್‌ಸಿಡಿ ಕಿಟಕಿಗಳು. ವಿದ್ಯುತ್ ಹರಿದಾಗ ಕಪ್ಪಾಗುತ್ತವೆ, ನಿಂತಾಗ ತಿಳಿಯಾಗುತ್ತವೆ. ಯಂತ್ರವು ಒಂದು ಫ್ರೇಮಿನಲ್ಲಿ (ಒಂದು ಬಾರಿಗೆ ಪರದೆ ತುಂಬುವ ಚಿತ್ರ) ಎಡಗಣ್ಣಿನ ಚಿತ್ರವನ್ನೂ ಮುಂದಿನದರಲ್ಲಿ ಬಲಗಣ್ಣಿನ ಚಿತ್ರವನ್ನೂ ಕಳುಹಿಸುತ್ತದೆ. ಅದಕ್ಕೆ ಸರಿಯಾಗಿ ಇನ್ನೊಂದು ಕಣ್ಣಿನ ಕಿಟಕಿಯನ್ನು ಮುಚ್ಚಿಸುತ್ತದೆ. ಅಮೆರಿಕದ ಯಂತ್ರದಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ ಕಣ್ಣಿಗೆ 30ರಂತೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪರದೆಯ ಮೇಲೆ ಆ ಕ್ಷಣ ಏನಿದೆ ಎಂಬುದು ಕನ್ನಡಕಕ್ಕೆ ಗೊತ್ತೇ ಇರುವುದಿಲ್ಲ. ಯಂತ್ರ ಹೇಳಿದಾಗ ಕಣ್ಣು ಮುಚ್ಚುವುದಷ್ಟೇ ಅದರ ಕೆಲಸ.

ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಇದು ಸರಿಹೋಗುತ್ತಿತ್ತು. ಸಂಕೇತ ಬಂದ ಕೂಡಲೇ ಎಲೆಕ್ಟ್ರಾನ್ ಕಿರಣ ಅದನ್ನು ಗೆರೆಗೆರೆಯಾಗಿ ಬರೆಯುತ್ತದೆ, ಬರೆದದ್ದು ಬೇಗನೆ ಮಂಕಾಗುತ್ತದೆ. ಎಲ್‌ಇಡಿ ಟಿ.ವಿ. ಹಾಗಲ್ಲ. ಬಂದ ಚಿತ್ರವನ್ನು ಒಳಗಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ತಡವಾಗಿ ತೋರಿಸುತ್ತದೆ. ಮುಂದಿನದು ಬರುವವರೆಗೂ ಬಿಡುವುದಿಲ್ಲ. ಸಾಲದ್ದಕ್ಕೆ, ಹಳೆಯ ಯಂತ್ರದ ಚಿತ್ರವನ್ನು ಬೆಸ ಗೆರೆ, ಸಮ ಗೆರೆಗಳ ಎರಡು ಕಂತುಗಳಲ್ಲಿ ಬರುವ ಪ್ರಸಾರವೆಂದು ತಪ್ಪು ತಿಳಿದು ಪಕ್ಕಪಕ್ಕದ ಎರಡು ಫ್ರೇಮುಗಳನ್ನು ಬೆರೆಸುವ ಟಿ.ವಿ.ಗಳೂ ಉಂಟು. ಆಗ ಎಡ, ಬಲ ಎರಡೂ ಕಲಸುಮೇಲೋಗರ. ಗೇಮ್ ಮೋಡ್ ಹಾಕಿದರೆ ವಿಳಂಬ ಕಡಿಮೆಯಾಗಬಹುದು, ರೋಗ ವಾಸಿಯಾಗುವುದಿಲ್ಲ.

ಹಾಗಾಗಿ ಅಟ್ಟದ ಮೇಲಿರುವ ಪಿಕ್ಚರ್ ಟ್ಯೂಬ್ ಟಿ.ವಿ.ಯನ್ನು ಇಳಿಸಿ. ಅದಕ್ಕೆ ಎವಿ ಇನ್‌ಪುಟ್ ಇರಬೇಕು, ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿ.ವಿ. ಪದ್ಧತಿಯ ಸಂಕೇತವನ್ನು ಬಣ್ಣದಲ್ಲಿ ತೋರಿಸಬೇಕು. ‘100 ಹರ್ಟ್ಸ್’ ಎಂದು ಬರೆದಿರುವ ದುಬಾರಿ ಮಾದರಿ ಬೇಡ, ಅದೂ ಚಿತ್ರವನ್ನು ಕೂಡಿಟ್ಟುಕೊಂಡೇ ತೋರಿಸುತ್ತದೆ. ಕಾಂಟ್ರಾಸ್ಟ್ ತುಸು ತಗ್ಗಿಸಿದರೆ ಕಪ್ಪು ಹಿನ್ನೆಲೆಯ ಬಿಳಿ ವಸ್ತುಗಳ ನೆರಳು ಇನ್ನೊಂದು ಕಣ್ಣಿಗೆ ಸೋರುವುದು ಕಡಿಮೆಯಾಗುತ್ತದೆ. ಅಮೆರಿಕದ ಪವರ್ ಅಡಾಪ್ಟರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಲಿ.

ಕನ್ನಡಕ ಜೀವಂತವಾಗಿದೆಯೇ ಎಂದು ನೋಡಲು ತ್ರೀಡಿ ಆಟ ನಡೆಯುತ್ತಿರುವಾಗ ಅದನ್ನು ಹಾಕಿಕೊಂಡು ಮನೆಯ ಕಿಟಕಿಯ ಹೊರಗಿನ ಬೆಳಕನ್ನು ನೋಡಿ. ಎರಡೂ ಗಾಜುಗಳು ಪಟಪಟನೆ ಮಿನುಗಬೇಕು. ಒಂದು ಮಿನುಗಿ ಇನ್ನೊಂದು ಸುಮ್ಮನಿದ್ದರೆ ಪ್ಲಗ್ಗಿನ ಬುಡದಲ್ಲಿ ತಂತಿ ತುಂಡಾಗಿರುವ ಸಾಧ್ಯತೆ ಹೆಚ್ಚು. ಇಯರ್‌ಫೋನ್ ರಿಪೇರಿ ಬಲ್ಲವರು ಅದನ್ನು ಬೆಸುಗೆ ಹಾಕಿಕೊಡುತ್ತಾರೆ. ಬ್ಯಾಟರಿ ಹಿಡಿದು ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಎಲ್‌ಸಿಡಿ ಗಾಜಿಗೆ ದಿಕ್ಕು ಬದಲಿಸುತ್ತಿರುವ ವೋಲ್ಟೇಜ್ ಬೇಕು, ಒಂದೇ ದಿಕ್ಕಿನ ವಿದ್ಯುತ್ ಹರಿಯುತ್ತಲೇ ಇದ್ದರೆ ಒಳಗಿನ ದ್ರವ ಹಾಳಾಗುತ್ತದೆ. ಮನೆಯಲ್ಲಿ ಮೂರ್ಛೆರೋಗದ ತೊಂದರೆ ಇರುವವರು ಈ ಮಿನುಗಿನಿಂದ ದೂರ ಇರಬೇಕು.

ಪ್ರಶ್ನೆ: ಲಂಡನ್ನಿನಲ್ಲಿದ್ದೇನೆ, ನನ್ನದು ಮಾಸ್ಟರ್ ಸಿಸ್ಟಮ್ 2. ಸೆಕೆಂಡ್‌ಹ್ಯಾಂಡ್ ಕನ್ನಡಕ ಕೊಳ್ಳಬಹುದೇ?

ಉತ್ತರ: ಬೇಡ. ಕನ್ನಡಕವನ್ನು ಯಂತ್ರಕ್ಕೆ ಜೋಡಿಸುವ ಅಡಾಪ್ಟರ್ ಕೂರುವುದು ಸೆಗಾ ಕಾರ್ಡ್ (ಕಾರ್ಡಿನಂಥ ತೆಳು ಕ್ಯಾಸೆಟ್) ಹಾಕುವ ಕಿಂಡಿಯಲ್ಲಿ, ನಿಮ್ಮ ಯಂತ್ರದಲ್ಲಿ ಆ ಕಿಂಡಿಯೇ ಇಲ್ಲ. ಮೊದಲ ಮಾದರಿ ಬೇಕು. ಇಲ್ಲವೇ ಸೆಗಾದ ಮುಂದಿನ ಯಂತ್ರವಾದ ಮೆಗಾ ಡ್ರೈವ್‌ನ ಮೊದಲ ಮಾದರಿಯ ಮೇಲೆ ಕೂರುವ, ಕಾರ್ಡ್ ಕಿಂಡಿ ಇರುವ ಪರಿವರ್ತಕವೂ ಆದೀತು. ಕೊಳ್ಳುವಾಗ ಅಡಾಪ್ಟರ್ ಜೊತೆಗಿದೆಯೇ ಎಂದು ಮೊದಲು ಕೇಳಿ. ಅದಿಲ್ಲದ ಕನ್ನಡಕ ಬರೀ ಶೋಕಿಗೆ. ಬ್ರಿಟನ್ನಿನ ಯಂತ್ರ ಸೆಕೆಂಡಿಗೆ 50 ಫ್ರೇಮಿನದು, ಕಣ್ಣಿಗೆ 25 ಮಾತ್ರ. ಮಿನುಗು ಇನ್ನಷ್ಟು ಕಣ್ಣಿಗೆ ರಾಚುತ್ತದೆ.

ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿ ಅಗ್ಗದ ‘ಟಿ.ವಿ. ಗೇಮ್’ ಇತ್ತು. ಅದರ ಒಂದು ಕಾರ್ ರೇಸಿನಲ್ಲಿ ಸೆಲೆಕ್ಟ್ ಒತ್ತಿದರೆ ಚಿತ್ರ ಕೆಟ್ಟುಹೋಗುತ್ತಿತ್ತು. ಕ್ಯಾಸೆಟ್ ಹಾಳು ಎಂದು ಬೈಸಿಕೊಂಡೆ. ನಿಜಕ್ಕೂ ಏನಾಗಿತ್ತು? (ಹಾಸನದಿಂದ)

ಉತ್ತರ: ಅದು ‘ರ‍್ಯಾಡ್ ರೇಸರ್’ ಆಗಿದ್ದರೆ ನೀವು ನಿರಪರಾಧಿ. ನಮ್ಮಲ್ಲಿ ಬಂದ ಆ ಯಂತ್ರಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ನಿಂಟೆಂಡೊ 1987ರಲ್ಲಿ ಜಪಾನಿನಲ್ಲಿ ಮಾತ್ರ ಸೆಗಾದಂಥದ್ದೇ ಮಿನುಗುವ ಕನ್ನಡಕ ತಂದಿತ್ತು. ಸ್ಕ್ವೇರ್ ಕಂಪನಿಯ ಈ ಆಟ ಅಲ್ಲಿ ‘ಹೈವೇ ಸ್ಟಾರ್’ ಎಂಬ ಹೆಸರಿನಲ್ಲಿ ಬಂತು, ಆ ಕನ್ನಡಕ ಹಾಕಿಯೂ ಆಡಬಹುದಿತ್ತು. ಅಮೆರಿಕಕ್ಕೆ ಕನ್ನಡಕ ಹೋಗಲಿಲ್ಲವಾದ್ದರಿಂದ ಅಲ್ಲಿನ ಆವೃತ್ತಿಗೆ ಕೆಂಪು-ನೀಲಿ ಕಾಗದದ ಕನ್ನಡಕ ಕೊಟ್ಟರು. ಸೆಲೆಕ್ಟ್ ಒತ್ತಿದಾಗ ರಸ್ತೆ ಕೆಂಪು-ನೀಲಿಯಾಗಿ ಒಡೆದಿದ್ದರೆ ನಿಮ್ಮದು ಅಮೆರಿಕದ್ದು, ಬಣ್ಣ ಹಾಗೇ ಇದ್ದು ಚಿತ್ರ ಗಡಗಡ ನಡುಗಿದ್ದರೆ ಜಪಾನಿನದು. ಕೆಂಪು-ನೀಲಿಯದಾದರೆ ಇಂದಿಗೂ ಯಾವ ಬಣ್ಣದ ಟಿ.ವಿ.ಯಲ್ಲಾದರೂ ನಡೆಯುತ್ತದೆ, ಅದು ಸಮಯವನ್ನಲ್ಲ, ಬಣ್ಣವನ್ನು ನೆಚ್ಚಿಕೊಂಡಿದೆ. ಆಟದ ಬಣ್ಣ ಮಾತ್ರ ಹೋಯಿತೆಂದೇ ಲೆಕ್ಕ. ಅಂದಹಾಗೆ, ಇದನ್ನು ರೂಪಿಸಿದ ನಾಸಿರ್ ಗೆಬೆಲ್ಲಿ, ಹಿರೊನೊಬು ಸಕಗುಚಿ ಅವರೇ ಅದೇ ವರ್ಷ ‘ಫೈನಲ್ ಫ್ಯಾಂಟಸಿ’ ಆಟ ಮಾಡಿದ್ದು.

ಪ್ರಶ್ನೆ: ಟಿ.ವಿ.ಯ ರಗಳೆಯೇ ಇಲ್ಲದ ತ್ರೀಡಿ ಕನ್ನಡಕ ಆ ಕಾಲದಲ್ಲಿ ಇರಲಿಲ್ಲವೇ? (ಧಾರವಾಡದಿಂದ)

ಉತ್ತರ: ಇತ್ತು, ಇವೆಲ್ಲಕ್ಕೂ ಮುಂಚೆಯೇ. ವೆಕ್ಟ್ರೆಕ್ಸ್ ಎಂಬ ಗೇಮ್ ಯಂತ್ರಕ್ಕೆ ಅದರದೇ ಪರದೆ ಇತ್ತು, ಅದೂ ಕಪ್ಪು-ಬಿಳುಪು. ಅದಕ್ಕಾಗಿ 1984ರಲ್ಲಿ ಬಂದ ‘ತ್ರೀಡಿ ಇಮೇಜರ್’ ಒಳಗೆ ಎಲ್‌ಸಿಡಿ ಇಲ್ಲ, ಮೋಟಾರಿನಿಂದ ಗಿರಗಿರನೆ ತಿರುಗುವ ಪ್ಲಾಸ್ಟಿಕ್ ಚಕ್ರವಿದೆ. ಚಕ್ರದ ಅರ್ಧ ಕಪ್ಪು, ಉಳಿದರ್ಧ ಬಣ್ಣದ ಪಟ್ಟಿಗಳು. ಕಪ್ಪು ಭಾಗ ಒಂದು ಕಣ್ಣನ್ನು ಮುಚ್ಚಿರುವಾಗ ಇನ್ನೊಂದರ ಮುಂದೆ ಕೆಂಪು ಪಟ್ಟಿ ಹಾದರೆ, ಆಟವು ಆ ಹೊತ್ತಿಗೆ ಕೆಂಪಾಗಬೇಕಾದ ಗೆರೆಗಳನ್ನಷ್ಟೇ ಎಳೆಯುತ್ತದೆ. ಬಣ್ಣವೇ ಇಲ್ಲದ ಪರದೆಯಲ್ಲಿ ಬಣ್ಣ, ಜೊತೆಗೆ ಆಳ! ಈ ಎಲ್ಲ ಕನ್ನಡಕಗಳಲ್ಲಿ ನನ್ನ ಮೆಚ್ಚುಗೆ ಇದಕ್ಕೇ. ಆಗ ಇದಕ್ಕೆಂದು ಬಂದ ಆಟಗಳು ಮೂರೇ: ‘ತ್ರೀಡಿ ಮೈನ್‌ಸ್ಟಾರ್ಮ್’, ‘ತ್ರೀಡಿ ನ್ಯಾರೋ ಎಸ್ಕೇಪ್’, ‘ತ್ರೀಡಿ ಕ್ರೇಜಿ ಕೋಸ್ಟರ್’. ಅಪರೂಪದ ವಸ್ತು, ಬೆಲೆ ಜೋರು. ಕೊಳ್ಳುವುದಾದರೆ ಆಟಕ್ಕೆ ತಕ್ಕ ಬಣ್ಣದ ಚಕ್ರ ಇದೆಯೇ, ಮೋಟಾರು ತಡೆಯಿಲ್ಲದೆ ತಿರುಗುತ್ತದೆಯೇ ಎಂದು ನೋಡಿಯೇ ಹಣ ಕೊಡಿ.