ಅಳಿಯುತ್ತಿರುವ ಜೀವಗಳನ್ನು ಲ್ಯಾಬ್‌ನಿಂದ ಉಳಿಸಬಹುದಾ?

ಜೈವಿಕ ತಂತ್ರಜ್ಞಾನದಿಂದ ಹಾಳಾದ ಪ್ರಕೃತಿಯನ್ನು ಸರಿ ಮಾಡಬಹುದಾ, ಇಲ್ಲಾ ಅದೇ ಇನ್ನೊಂದು ಅನಾಹುತ ತಂದಿಡುತ್ತದಾ, ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು ಎಂದು ಕೇಳಿದ್ದೀರಿ. ನಾನು ಜೀವಶಾಸ್ತ್ರ ಓದಿದವನು, ಈ ಬಗ್ಗೆ ಏನು ಬಂದರೂ ಬಿಡದೆ ಓದುತ್ತೇನೆ. ಕೆಲವು ಕಡೆ ಖಂಡಿತ ಸಾಧ್ಯ ಅಂತ ನನ್ನ ಅಭಿಪ್ರಾಯ. ಆದರೆ ಒಂದು ಜೀವ ಯಾವ ಕಾರಣಕ್ಕೆ ಅಳಿಯಿತೋ ಆ ಕಾರಣ ಇನ್ನೂ ಅಲ್ಲೇ ಕೂತಿದ್ದರೆ, ಲ್ಯಾಬ್‌ನಲ್ಲಿ ಎಷ್ಟು ಮರಿ ಹುಟ್ಟಿಸಿದರೂ ದಕ್ಕುವುದಿಲ್ಲ.

ಮೊದಲು ಆ ‘ಡೈರ್ ವುಲ್ಫ್’ ಗದ್ದಲ ಮುಗಿಸಿಬಿಡೋಣ. 2025ರಲ್ಲಿ ಕೊಲೊಸಲ್ ಎಂಬ ಅಮೆರಿಕದ ಕಂಪನಿ ಸಾವಿರಾರು ವರ್ಷಗಳ ಹಿಂದೆ ಅಳಿದ ತೋಳ ವಾಪಸ್ ಬಂತು ಎಂದು ಹೇಳಿತು. ನಿಜವಾಗಿ ಆದದ್ದು ಇಷ್ಟು: ಈಗಿನ ಬೂದು ತೋಳದ ಜೀವಕೋಶ ತೆಗೆದುಕೊಂಡು, 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ಮೂರು ಬಿಳಿ ಮರಿಗಳು ಹುಟ್ಟಿದವು. ತಂತ್ರ ದೊಡ್ಡದೇ, ಒಪ್ಪುತ್ತೇನೆ. ಆದರೆ ಅದು ತಿದ್ದಿದ ಬೂದು ತೋಳ. ಹಳೆಯ ತೋಳ ಬೇಟೆಯಾಡುತ್ತಿದ್ದ ದೊಡ್ಡ ಪ್ರಾಣಿಗಳಲ್ಲಿ ಬಹುಪಾಲು ಈಗ ಇಲ್ಲ. ಇದರಿಂದ ಯಾವ ಕಾಡು ಸರಿಹೋಗುತ್ತದೆ ಅಂತ ನನಗಂತೂ ಕಾಣುತ್ತಿಲ್ಲ.

ಇದಕ್ಕಿಂತ ಕಪ್ಪು ಕಾಲಿನ ಫೆರೆಟ್‌ನ ಕಥೆ ನನಗೆ ಇಷ್ಟ. ಇದು ಉತ್ತರ ಅಮೆರಿಕದ ಹುಲ್ಲುಗಾವಲಿನ ಸಣ್ಣ ಬೇಟೆಗಾರ ಪ್ರಾಣಿ. ಇಂದು ಬದುಕಿರುವ ಈ ಫೆರೆಟ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬರೀ 7 ಪ್ರಾಣಿಗಳ ಸಂತಾನ. ಅಂದರೆ ಹತ್ತಿರದ ಸಂಬಂಧಿಗಳೇ. ವಿಲ್ಲಾ ಎಂಬ ಒಂದು ಹೆಣ್ಣಿನ ವಂಶ ಮುಂದುವರಿದಿರಲಿಲ್ಲ, ಆದರೆ ಅದರ ಜೀವಕೋಶವನ್ನು 1988ರಲ್ಲೇ ಸ್ಯಾನ್ ಡಿಯಾಗೋದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. 2020ರ ಡಿಸೆಂಬರ್‌ನಲ್ಲಿ ಅದರಿಂದ ಎಲಿಜಬೆತ್ ಆನ್ ಎಂಬ ಕ್ಲೋನ್ (ತದ್ರೂಪಿ) ಹುಟ್ಟಿತು. ಅದಕ್ಕೆ ಮರಿ ಆಗಲಿಲ್ಲ. ಆಮೇಲೆ ಹುಟ್ಟಿದ ಇನ್ನೊಂದು ಕ್ಲೋನ್ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಕಳೆದುಹೋಗಿದ್ದ ಜೀನ್‌ಗಳು ಹೀಗೆ ಮತ್ತೆ ಸಂತಾನಕ್ಕೆ ಸೇರಿದವು. ಇದು ಹೊಸ ಪ್ರಾಣಿ ಅಲ್ಲ, ಅದರದೇ ಹಳೆಯ ಆಸ್ತಿ. ಹಾಗಂತ ಕಾಡಿನಲ್ಲಿ ಅವುಗಳ ಕಷ್ಟ ಮುಗಿದಿಲ್ಲ. ಪ್ಲೇಗ್ ಅವುಗಳನ್ನೂ ಕೊಲ್ಲುತ್ತದೆ, ಅವುಗಳ ಆಹಾರವಾದ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಬಿಲವಾಸಿಗಳನ್ನೂ ಕೊಲ್ಲುತ್ತದೆ.

ಇನ್ನು ಕೆಲವೊಮ್ಮೆ ಕಾರಣವನ್ನು ತೆಗೆಯೋಕೇ ಆಗುವುದಿಲ್ಲ. ಅಮೆರಿಕನ್ ಚೆಸ್ಟ್‌ನಟ್ ಮರದ ಗತಿ ಹಾಗೇ ಆಯಿತು. ಏಷ್ಯಾದ ಗಿಡಗಳ ಜೊತೆ ಬಂದ ಒಂದು ಶಿಲೀಂಧ್ರ 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಣ್ಣಿಗೆ ಬಿತ್ತು. ಅರ್ಧ ಶತಮಾನದೊಳಗೆ 300ರಿಂದ 400 ಕೋಟಿ ಮರಗಳು ಸತ್ತವು ಎಂಬ ಅಂದಾಜಿದೆ. ಹಳೆಯ ಬೇರುಗಳು ಇವತ್ತಿಗೂ ಚಿಗುರುತ್ತವೆ, ಸ್ವಲ್ಪ ಬೆಳೆಯುತ್ತವೆ, ಮತ್ತೆ ಅದೇ ರೋಗಕ್ಕೆ ಸಾಯುತ್ತವೆ. ಆ ಶಿಲೀಂಧ್ರ ಆಕ್ಸಾಲಿಕ್ ಆಮ್ಲ ಬಿಟ್ಟು ತೊಗಟೆಯನ್ನು ಕೊಲ್ಲುತ್ತದೆ. ಗೋಧಿಯಲ್ಲಿ ಈ ಆಮ್ಲವನ್ನು ಒಡೆಯುವ ಒಂದು ಜೀನ್ ಇದೆ. ನ್ಯೂಯಾರ್ಕ್‌ನ ಅರಣ್ಯ ಕಾಲೇಜೊಂದರ ವಿಜ್ಞಾನಿಗಳು ಅದನ್ನು ಚೆಸ್ಟ್‌ನಟ್‌ಗೆ ಸೇರಿಸಿದರು. ಶಿಲೀಂಧ್ರ ಸಾಯುವುದಿಲ್ಲ, ಮರ ತಡೆದುಕೊಳ್ಳುತ್ತದೆ ಅಷ್ಟೇ. ಜಾಣ ಉಪಾಯ ಅಲ್ವಾ? ಕೊಲ್ಲಲು ಹೋಗದಿದ್ದರೆ ಶಿಲೀಂಧ್ರ ಹೊಸ ದಾರಿ ಹುಡುಕಬೇಕಾದ ಒತ್ತಡವೂ ಕಡಿಮೆ.

ಆದರೆ 2023ರಲ್ಲಿ ಗೊತ್ತಾದ ಸಂಗತಿ ನೋಡಿ. ಗೋಧಿ ಜೀನ್ ಸೇರಿಸಿದ ಡಾರ್ಲಿಂಗ್ 58 ಎಂಬ ತಳಿ ಎಂದುಕೊಂಡು ವರ್ಷಗಟ್ಟಲೆ ಬೆಳೆಸಿ ಪರೀಕ್ಷಿಸಿದ ಗಿಡಗಳು ನಿಜವಾಗಿ ಡಾರ್ಲಿಂಗ್ 54 ಆಗಿದ್ದವು. ಎರಡು ತಳಿ ಅದಲುಬದಲಾಗಿತ್ತು. ಈ 54ರಲ್ಲಿ ಗೋಧಿಯ ಜೀನ್ ಹೋಗಿ ಕೂತದ್ದು ಮರದ್ದೇ ಇನ್ನೊಂದು ಜೀನ್‌ನ ಒಳಗೆ. ಗಿಡಗಳ ಬೆಳವಣಿಗೆಯೂ ಒಂದೇ ಸಮ ಇರಲಿಲ್ಲ. ಜೊತೆಗಿದ್ದ ಚೆಸ್ಟ್‌ನಟ್ ಸಂಸ್ಥೆ ಬೆಂಬಲ ವಾಪಸ್ ತೆಗೆದುಕೊಂಡಿತು, ಕಾಲೇಜು ಕೆಲಸ ಮುಂದುವರಿಸಿತು. ಅಪಾಯ ಅಂದರೆ ಎಲ್ಲರೂ ಸಿನಿಮಾದ ರಾಕ್ಷಸ ಗಿಡ ಕಲ್ಪಿಸಿಕೊಳ್ಳುತ್ತಾರೆ. ನನಗೆ ಇಂಥ ಅದಲುಬದಲಿನ ಭಯವೇ ಜಾಸ್ತಿ. ನೂರಾರು ವರ್ಷ ಬಾಳುವ ಮರವನ್ನು ನಾವು ಕೆಲವೇ ವರ್ಷ ನೋಡಿ ಕಾಡಿಗೆ ಬಿಡಬೇಕು.

ಬಿಟ್ಟದ್ದನ್ನು ವಾಪಸ್ ತರಬಹುದಾ ಎನ್ನುವುದು ಅಷ್ಟೇ ಮುಖ್ಯ. ಹವಾಯಿಯ ಹನಿಕ್ರೀಪರ್ ಹಕ್ಕಿಗಳನ್ನು ಹಕ್ಕಿ ಮಲೇರಿಯಾ ತಿಂದುಹಾಕುತ್ತಿದೆ. ಅಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ, 19ನೇ ಶತಮಾನದಲ್ಲಿ ಹಡಗುಗಳ ಜೊತೆ ಬಂತು. ಹಕ್ಕಿಗಳು ಬೆಟ್ಟದ ಮೇಲಿನ ತಂಪಿನಲ್ಲಿ ಉಳಿದುಕೊಂಡಿದ್ದವು. ಈಗ ಬಿಸಿ ಏರುತ್ತಿದ್ದಂತೆ ಸೊಳ್ಳೆಯೂ ಮೇಲೆ ಹತ್ತುತ್ತಿದೆ. 2023ರಿಂದ ಮೌಯಿ ದ್ವೀಪದಲ್ಲಿ ಅಲ್ಲಿನ ಸೊಳ್ಳೆಗಳಲ್ಲಿ ಇರುವುದಕ್ಕಿಂತ ಬೇರೆ ಬಗೆಯ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ. ಅದರ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಇದರಲ್ಲಿ ಜೀನ್ ತಿದ್ದಿಯೇ ಇಲ್ಲ. ಬಿಡುವುದನ್ನು ನಿಲ್ಲಿಸಿದರೆ ಪರಿಣಾಮವೂ ನಿಲ್ಲುತ್ತದೆ. ಪ್ರತಿ ಸಲ ಬಿಡುತ್ತಲೇ ಇರಬೇಕು, ಖರ್ಚೂ ಜಾಸ್ತಿ. ನನ್ನ ಮಟ್ಟಿಗೆ ಆ ತೊಂದರೆಯೇ ಅದರ ಗುಣ.

ಜೀನ್ ಡ್ರೈವ್ ಇದರ ತದ್ವಿರುದ್ಧ. ಸಾಮಾನ್ಯವಾಗಿ ತಾಯಿ ಅಥವಾ ತಂದೆಯ ಒಂದು ಜೀನ್ ಅರ್ಧದಷ್ಟು ಮರಿಗಳಿಗೆ ಹೋಗುತ್ತದೆ. ಡ್ರೈವ್ ಇದ್ದರೆ ಹೆಚ್ಚುಕಡಿಮೆ ಎಲ್ಲಕ್ಕೂ ಹೋಗುತ್ತದೆ, ತಲೆಮಾರಿನಿಂದ ತಲೆಮಾರಿಗೆ ತಾನೇ ಹರಡುತ್ತದೆ. ದ್ವೀಪಗಳಲ್ಲಿ ಕಡಲಹಕ್ಕಿಗಳ ಮೊಟ್ಟೆ, ಮರಿ ತಿನ್ನುವ ಇಲಿಗಳನ್ನು ವಿಷವಿಲ್ಲದೆ ಇಲ್ಲವಾಗಿಸಬಹುದು ಎಂಬ ಆಸೆ ಇದೆ. ಆದರೆ ಅಂಥ ಒಂದು ಇಲಿ ಹಡಗು ಹತ್ತಿ ತನ್ನ ಮೂಲ ಖಂಡಕ್ಕೆ ಬಂದರೆ? ಅಲ್ಲಿ ಅದು ಸಹಜ ನಿವಾಸಿ, ಇನ್ನೆಷ್ಟೋ ಪ್ರಾಣಿಗಳ ಊಟ. 2014ರಲ್ಲಿ ಕ್ರಿಸ್ಪರ್ (ಜೀನ್ ಕತ್ತರಿಸಿ ತಿದ್ದುವ ಸಾಧನ) ಬಳಸಿ ಡ್ರೈವ್ ಮಾಡಬಹುದೆಂದು ಸೂಚಿಸಿದವರಲ್ಲಿ ಒಬ್ಬರಾದ ಕೆವಿನ್ ಎಸ್ವೆಲ್ಟ್ ಅವರೇ, ತಡೆಯಿಲ್ಲದೆ ಹರಡುವ ಮಾದರಿಯನ್ನು ಸಂರಕ್ಷಣೆಗೆ ಬಳಸಬಾರದು ಎಂದು 2017ರಲ್ಲಿ ಎಚ್ಚರಿಸಿದರು. ಒಂದಷ್ಟು ತಲೆಮಾರಿನ ನಂತರ ತಾನಾಗಿ ಸವೆದುಹೋಗುವ ಡ್ರೈವ್‌ಗಳ ಬಗ್ಗೆ ಕೆಲಸ ನಡೆಯುತ್ತಿದೆ. ಅದು ಬರುವವರೆಗೆ ಕಾಯೋದು ಮೇಲು.

ಅಂದಹಾಗೆ, ಕಾಡಿಗೆ ಏನನ್ನೂ ಬಿಡದೆ ಮಾಡುವ ಉಪಕಾರವೂ ಇದೆ. ಔಷಧಿ, ಲಸಿಕೆಗಳಲ್ಲಿ ಬ್ಯಾಕ್ಟೀರಿಯಾ ವಿಷ ಇದೆಯಾ ಎಂದು ನೋಡಲು ಹಾರ್ಸ್‌ಶೂ ಏಡಿ ಎಂಬ ಕಡಲಜೀವಿಯ ನೀಲಿ ರಕ್ತ ಹಿಂಡುತ್ತಾರೆ. ಅದರ ಮುಖ್ಯ ಪ್ರೋಟೀನನ್ನು ಈಗ ಲ್ಯಾಬ್‌ನಲ್ಲೂ ತಯಾರಿಸುತ್ತಾರೆ. ಇಂಥದ್ದು ಸುದ್ದಿಯಾಗುವುದೇ ಇಲ್ಲ.

ಇನ್ನು ತೀರ್ಮಾನ ಯಾರದ್ದು ಎಂಬ ಪ್ರಶ್ನೆ. ಜೀನ್ ತಿದ್ದಿದ ಜೀವಿಗಳು ಗಡಿ ದಾಟುವ ಬಗ್ಗೆ ಕಾರ್ಟಜೀನಾ ಒಪ್ಪಂದ 2003ರಿಂದ ಜಾರಿಯಲ್ಲಿದೆ. ಆದರೆ ಇಂಥ ಸಂಶೋಧನೆ ತುಂಬಾ ನಡೆಯುವ ಅಮೆರಿಕ ಅದರ ಸದಸ್ಯ ಅಲ್ಲ. ಉಳಿದ ಕಡೆ ಆಯಾ ದೇಶದ ಕಾನೂನು. ಆ ಜಾಗದಲ್ಲಿ ಬದುಕುವ ಜನರನ್ನು ಶುರುವಿನಲ್ಲೇ ಕೇಳಬೇಕು, ಬೇಡ ಎಂದರೆ ಬಿಡಬೇಕು ಅಂತ ನನ್ನ ವಾದ. ತಾನೇ ಹರಡುವ ಜೀವಿಯ ವಿಷಯದಲ್ಲಿ ಅಕ್ಕಪಕ್ಕದ ದೇಶಗಳನ್ನೂ ಕೇಳಬೇಕಾಗುತ್ತದೆ. ಅದಕ್ಕೆ ಸರಿಯಾದ ವ್ಯವಸ್ಥೆ ಇನ್ನೂ ಆಗಿಲ್ಲ.