ಒಂದೇ ಷೇರಿನ ಬಗ್ಗೆ ಗೆಳೆಯರಲ್ಲಿ ಜಗಳ: ಮನಸ್ಸು ಮುರಿಯದಂತೆ ಚರ್ಚಿಸುವುದು ಹೇಗೆ?

ಉಕ್ಕಿನ ಕಂಪನಿಯೊಂದರ ಷೇರಿನ ವಿಷಯಕ್ಕೆ ನಿಮ್ಮ ಗೆಳೆಯರಲ್ಲಿ ಮಾತು ಬಿಡುವ ಹಂತ ಬಂದಿದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಬಳ್ಳಾರಿಯವನು. ನಮ್ಮದೂ ಷೇರು ಕೊಳ್ಳುವವರ ಚಿಕ್ಕ ಬಳಗ. ತೋರಣಗಲ್ಲಿನ ಕಾರ್ಖಾನೆ, ಸಂಡೂರಿನ ಗಣಿ ಹತ್ತಿರವೇ ಇರುವುದರಿಂದ ಉಕ್ಕಿನ ಬಗ್ಗೆ ಇಲ್ಲಿ ಎಲ್ಲರಿಗೂ ಗಟ್ಟಿ ಅಭಿಪ್ರಾಯವಿದೆ.

ಮಾತು ಶುರುವಾಗುವ ಮೊದಲು ಪ್ರತಿಯೊಬ್ಬರೂ ಎರಡು ವಿಷಯ ಹೇಳಲಿ: ಆ ಷೇರು ತಮ್ಮಲ್ಲಿದೆಯೇ, ಎಷ್ಟು ಕಾಲ ಇಟ್ಟುಕೊಳ್ಳುವ ಯೋಚನೆ. ಎಷ್ಟು ಹಣ ಹಾಕಿದ್ದೀರಿ ಎಂದು ಕೇಳಬೇಡಿ, ಅದು ಅವರವರ ಮನೆಯ ವಿಷಯ. ಮೂರು ತಿಂಗಳಲ್ಲಿ ಮಾರಲಿರುವವನಿಗೆ ದುಬಾರಿ ಎನಿಸಿದ ಷೇರು, ಮಗಳ ಓದಿಗೆಂದು ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಸರಿ ಎನಿಸಬಹುದು. ಅವರಿಬ್ಬರ ನಡುವೆ ಜಗಳಕ್ಕೆ ಕಾರಣವೇ ಇಲ್ಲ.

ಉಕ್ಕಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಷೇರಿನ ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ ಭಾಗಿಸಿದರೆ ಪಿಇ ಸಿಗುತ್ತದೆ. ಅದು ಕಡಿಮೆ ಇದೆ, ಷೇರು ಅಗ್ಗ ಎಂದು ಒಬ್ಬ ಹೇಳುತ್ತಾನೆ. ಅದು ಕಡಿಮೆ ಇರುವುದಕ್ಕೇ ಭಯ ಎಂದು ಇನ್ನೊಬ್ಬ ಹೇಳುತ್ತಾನೆ. ಉಕ್ಕಿನ ಬೆಲೆ ಏರಿಳಿಯುವಂಥದ್ದು. ಅದು ತುತ್ತತುದಿಯಲ್ಲಿದ್ದಾಗ ಗಳಿಕೆ ಉಬ್ಬಿ ಪಿಇ ಕುಗ್ಗುತ್ತದೆ. ಹಾಗಾಗಿ ಅಗ್ಗವೋ ದುಬಾರಿಯೋ ಎಂಬುದನ್ನು ಬಿಟ್ಟು, ಈ ವರ್ಷದ ಗಳಿಕೆ ಮುಂದೆಯೂ ಉಳಿಯುತ್ತದೆಯೇ ಎಂದು ಚರ್ಚಿಸಿ. ಆಗ ಎಲ್ಲರ ತಿಳಿವಳಿಕೆಯೂ ಉಪಯೋಗಕ್ಕೆ ಬರುತ್ತದೆ. ಅದಿರು ನಮ್ಮಲ್ಲೇ ಸಿಗುತ್ತದೆ, ಆದರೆ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಬಹುಪಾಲು ಹಡಗಿನಲ್ಲಿ ಹೊರದೇಶದಿಂದ, ಅದರಲ್ಲೂ ಆಸ್ಟ್ರೇಲಿಯಾದಿಂದ ಬರುತ್ತದೆ. ಅದಿರಿನ ಲಾರಿ ನೋಡುವವನಿಗೂ ಕಲ್ಲಿದ್ದಲಿನ ದರ ನೋಡುವವನಿಗೂ ಒಬ್ಬರಿಂದೊಬ್ಬರು ಕಲಿಯುವುದು ಬಹಳವಿದೆ. ಇಬ್ಬರೂ ಎಣಿಸದ್ದೂ ನಡೆಯುತ್ತದೆ: 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳ ರಫ್ತಿಗೆ ಶೇ 15ರಷ್ಟು ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು.

"ನಮ್ಮ ಭಾವ ಕಾರ್ಖಾನೆಯಲ್ಲಿದ್ದಾನೆ, ಒಳಗಿನ ಸುದ್ದಿ ಗೊತ್ತು" ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಬೆಲೆಯ ಮೇಲೆ ಪರಿಣಾಮ ಬೀರುವ ಅಪ್ರಕಟಿತ ಮಾಹಿತಿಯನ್ನು ಹಂಚುವುದನ್ನೂ ಅದನ್ನು ನಂಬಿ ವಹಿವಾಟು ನಡೆಸುವುದನ್ನೂ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2015ರ ನಿಯಮಗಳು ನಿಷೇಧಿಸುತ್ತವೆ. ಪರಿಶೀಲಿಸಲಾಗದ ಮಾತಿನ ಮುಂದೆ ಉಳಿದವರು ಬಾಯಿ ಮುಚ್ಚಬೇಕಾಗುತ್ತದೆ, ಅದು ಚರ್ಚೆಯಲ್ಲ. ಕಂಪನಿಯೇ ಪ್ರಕಟಿಸುವ ತ್ರೈಮಾಸಿಕ ಫಲಿತಾಂಶ ಸಾಕು.

ಬೆಲೆ ಬಿದ್ದ ದಿನ ಮಾತ್ರ "ಅವತ್ತೇ ಹೇಳಿರಲಿಲ್ಲವೇ" ಎಂದು ಯಾರೂ ಅನ್ನಬಾರದು. ನನ್ನ ಮಟ್ಟಿಗೆ ಗೆಳೆತನ ಮುರಿಯುವುದು ಈ ಒಂದು ಮಾತಿನಿಂದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಸಾಲ ಮಾಡಿ ಲಾರಿ ಕೊಂಡಿದ್ದವರು ಕಂತು ಕಟ್ಟಲಾಗದೆ ಒದ್ದಾಡಿದ್ದನ್ನು ನಮ್ಮ ಊರು ಕಂಡಿದೆ. ಹಣ ಕಳೆದುಕೊಳ್ಳುತ್ತಿರುವವನ ದನಿ ಏರುವುದು ಹೆಚ್ಚಾಗಿ ಭಯದಿಂದ. ನಿಮ್ಮ ಬಳಗದಲ್ಲಿ ಯಾರಾದರೂ ಸಾಲ ತೆಗೆದು ಆ ಷೇರು ಕೊಂಡಿದ್ದಾರೆ ಎಂಬ ಅನುಮಾನ ಬಂದರೆ ಎಲ್ಲರೆದುರು ವಾದಕ್ಕೆ ಎಳೆಯಬೇಡಿ. ನೀವೊಬ್ಬರೇ ಅವರ ಮನೆಗೆ ಹೋಗಿ ಮಾತನಾಡಿ.